ಡೈರಿಯ ಕಂಪ್ಯೂಟರಿಗೆ ನಾನು ಕಾರ್ಡು ಕೂರಿಸಿದ್ದು

ನಾನು ಗಾಬರಿ ಸ್ವಭಾವದ ಹೆಂಗಸು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಮಾತುಮಾತಿಗೂ ಎದೆ ಹಿಡಿದುಕೊಂಡಾಗ ಇವಳದ್ದು ಯಾಕೋ ಅತಿಯಾಯಿತು ಎಂದು ನಿಮಗೆ ಅನ್ನಿಸೀತು. ಕುಕ್ಕರು ಕೂಗಿದರೆ ಬೆಚ್ಚುತ್ತೇನೆ. ಕೂಗಬೇಕಾದ ಹೊತ್ತಿಗೆ ಕೂಗದಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತೇನೆ. ಫೋನಿನಲ್ಲಿ ಗೊತ್ತಿಲ್ಲದ ನಂಬರು ಕಂಡರೆ ತವರಿನಲ್ಲಿ ಯಾರಿಗೋ ಏನೋ ಆಗಿದೆ ಎಂದು ಅರ್ಧ ಅಳು ಮುಗಿಸಿಕೊಂಡೇ ಎತ್ತುತ್ತೇನೆ. ನೋಡಿದರೆ ಆ ಕಡೆ ಯಾರೋ ನನಗೆ ಪ್ಲಾಟು ಮಾರಲು ತುದಿಗಾಲಲ್ಲಿ ನಿಂತಿರುತ್ತಾರೆ. ಆದರೆ ನಿಜವಾಗಿ ಹೆದರಬೇಕಾದ ಕಡೆ ಮಾತ್ರ ನನಗೆ ಹೆದರಿಕೆ ಆಗುವುದಿಲ್ಲ. ದೇವರು ಒಬ್ಬೊಬ್ಬರಿಗೆ ಇಷ್ಟಿಷ್ಟು ಎಂದು ಭಯ ಹಂಚಿದ್ದಾನೆ. ನನ್ನ ಪಾಲಿನದನ್ನೆಲ್ಲ ಕುಕ್ಕರಿನ ಮೇಲೆ ಖರ್ಚು ಮಾಡಿಕೊಂಡು, ಕಂಪ್ಯೂಟರಿನ ಮುಂದೆ ಕೂರುವ ಹೊತ್ತಿಗೆ ನನ್ನ ಹತ್ತಿರ ಏನೂ ಉಳಿದಿರುವುದಿಲ್ಲ.

ಇದಕ್ಕೆಲ್ಲ ಮೂಲ ಒಂದು ಸರ್ಟಿಫಿಕೇಟು. ಮದುವೆಗೆ ಮುಂಚೆ ಒಂದು ಬೇಸಿಗೆ ರಜೆಯಲ್ಲಿ ಮಾಲೂರಿನ ಯಾವುದೋ ಅಂಗಡಿಯ ಮಹಡಿ ಮೇಲೆ ನಾನು ಕಂಪ್ಯೂಟರ್ ಕಲಿತೆ. ಕಲಿತೆ ಎಂದರೆ, ನನ್ನ ಹೆಸರನ್ನು ನಾನಾ ಬಣ್ಣಗಳಲ್ಲಿ ಬರೆಯುವುದು, ಅದನ್ನು ದಪ್ಪ ಮಾಡುವುದು, ಓರೆ ಮಾಡುವುದು, ಕೊನೆಗೆ ಅದರ ಸುತ್ತ ಹೂವಿನ ಚೌಕಟ್ಟು ಹಾಕುವುದು. ಆಮೇಲೆ ಕೊಟ್ಟ ಸರ್ಟಿಫಿಕೇಟಿಗೂ ಅಂಥದೇ ಹೂವಿನ ಚೌಕಟ್ಟು ಇತ್ತು. ನಮ್ಮಪ್ಪ ಅದಕ್ಕೆ ಗಾಜು ಹಾಕಿಸಿ, ಮದುವೆಯಲ್ಲಿ ಪಾತ್ರೆಪಗಡದ ಜೊತೆ ಕಳಿಸಿಕೊಟ್ಟರು. ಅತ್ತೆಯ ಮನೆಯ ನಡುಮನೆಯಲ್ಲಿ ಅದು ನಮ್ಮ ಮದುವೆ ಫೋಟೋದ ಪಕ್ಕದಲ್ಲಿ ನೇತಾಡುತ್ತಿದೆ. ಅದನ್ನು ಕಂಡವರೆಲ್ಲ ನನ್ನ ಹತ್ತಿರ ಕೆಟ್ಟ ಮೊಬೈಲು, ಓಡದ ಮಿಕ್ಸಿ, ಟೀವಿ ರಿಮೋಟು ಎಲ್ಲ ತರಲು ಶುರು ಮಾಡಿದರು. ನಾನೂ ಬೇಡ ಎನ್ನಲಿಲ್ಲ. ಮಿಕ್ಸಿಯನ್ನು ತಿರುಗಿಸಿ ನೋಡಿ "ಇದು ಒಳಗಡೆ ಪ್ರಾಬ್ಲಮ್ಮು" ಎಂದು ಹೇಳಿ ಕಳಿಸುತ್ತಿದ್ದೆ. ಆ ಮಾತು ಈವರೆಗೆ ಒಂದು ಸಲವೂ ಸುಳ್ಳಾಗಿಲ್ಲ. ನಮ್ಮೂರಿನ ಮಹಿಳಾ ಹಾಲಿನ ಡೈರಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದೂ ಅದೇ ಸರ್ಟಿಫಿಕೇಟಿನ ಪ್ರಭಾವದಿಂದ.

ನಮ್ಮದು ಮಾಸ್ತಿ ಹೋಬಳಿಯ ಒಂದು ಹಳ್ಳಿ. ರಾಗಿ, ತರಕಾರಿ, ಹಸು. ಇಷ್ಟರಲ್ಲಿ ಊರು ಮುಗಿಯಿತು. ಬೆಳಿಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುತ್ತಾರೆ. ಹಾಲನ್ನು ತಕ್ಕಡಿಯ ಮೇಲಿನ ಪಾತ್ರೆಗೆ ಸುರಿದರೆ ಎಷ್ಟು ಲೀಟರು ಎಂದು ಕೆಂಪು ಅಂಕಿ ಹೊಳೆಯುತ್ತದೆ. ಅದರಲ್ಲೇ ಒಂದು ಲೋಟದ ತಳದಷ್ಟನ್ನು ಶಾಂತ ಎಂಬ ನಮ್ಮ ಟೆಸ್ಟರು ಫ್ಯಾಟ್ ಮಿಷನ್ನಿಗೆ ಕುಡಿಸುತ್ತಾಳೆ. ಅದು ಗೊರಗೊರ ಎಂದು ಹೀರಿ ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಹೇಳುತ್ತದೆ. ಎರಡೂ ಅಂಕಿಗಳು ಎರಡು ವೈರಿನ ಮೂಲಕ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಫ್ಯಾಟು ಮೂರೂವರೆಗಿಂತ ಕೆಳಗೆ ಬಂದರೆ ಹಾಲು ತೆಗೆದುಕೊಳ್ಳುವಂತಿಲ್ಲ, ವಾಪಸ್ಸು. ವಾಪಸ್ಸು ಬಂದ ಹಾಲಿಗೆ ನಮ್ಮ ಕಡೆ ಒಂದೇ ಅರ್ಥ. ನೀರು ಬೆರೆಸಿದ್ದಾರೆ. ಕಳ್ಳತನ ಮಾಡಿ ಸಿಕ್ಕಿಬಿದ್ದವರಾದರೂ ನಾಲ್ಕು ದಿನದಲ್ಲಿ ಮತ್ತೆ ಕಟ್ಟೆಗೆ ಬಂದು ಕೂರಬಹುದು, ಹಾಲಿಗೆ ನೀರು ಹಾಕಿದವಳು ಎನ್ನಿಸಿಕೊಂಡವಳು ಮೊಮ್ಮಗಳ ಮದುವೆಯವರೆಗೂ ಆ ಮಾತು ಕೇಳಬೇಕು.

ಈ ಬೇಸಿಗೆಯ ಮೊದಲ ಮಳೆಯಲ್ಲಿ ಸಿಡಿಲು ಬಡಿಯಿತು. ಡೈರಿಗೆ ಬಡಿಯಲಿಲ್ಲ, ಆಚೆ ಕರೆಂಟ್ ಕಂಬಕ್ಕೆ ಬಡಿಯಿತು. ಆದರೆ ಕಂಬದಿಂದ ಏನೋ ಒಂದು ವೈರಿನಲ್ಲಿ ನಡೆದುಕೊಂಡು ನಮ್ಮ ಡೈರಿಯವರೆಗೂ ಬಂದಿರಬೇಕು. ಫ್ಯಾಟ್ ಮಿಷನ್ನಿನ ಮುಖದ ಮೇಲಿದ್ದ ಪುಟ್ಟ ಪರದೆ ಕಪ್ಪಾಯಿತು. ಕಂಪ್ಯೂಟರಿನ ಬೆನ್ನಿನಲ್ಲಿ ಆ ಎರಡು ವೈರು ಸಿಕ್ಕಿಸುವ ಪೋರ್ಟುಗಳು ಸತ್ತುಹೋದವು. ಮಿಷನ್ನು ಒಳಗೊಳಗೇ ಸರಿಯಾಗಿ ಲೆಕ್ಕ ಹಾಕುತ್ತಿತ್ತು, ಹೇಳಲು ಮಾತ್ರ ಬಾಯಿ ಇರಲಿಲ್ಲ. ಕೆಲವು ದಿನ ಹಳೇ ಕಾಲದ ಲ್ಯಾಕ್ಟೋಮೀಟರ್ ಕಡ್ಡಿಯನ್ನು ಹಾಲಿನಲ್ಲಿ ತೇಲಿಬಿಟ್ಟು, ನೀರಿಲ್ಲ ಎಂದರೆ ಎಲ್ಲರಿಗೂ ಒಂದೇ ಫ್ಯಾಟು ಹಾಕಿದೆವು. ಎಲ್ಲರಿಗೂ ಒಂದೇ ಎಂದಾಗ ಎಲ್ಲರಿಗೂ ಅನ್ಯಾಯವಾಗಿರುತ್ತದೆ ಎಂಬುದು ಆಗ ತಿಳಿಯಿತು. ಸಾಲಿನಲ್ಲಿ ಜಗಳ ಶುರುವಾಯಿತು. ಕೋಲಾರದ ಮೆಕ್ಯಾನಿಕ್ಕನಿಗೆ ಫೋನು ಮಾಡಿದರೆ, "ಕಂಪ್ಯೂಟರ್ ಹಳೇದು ಮೇಡಂ. ಒಂದು ಕಾರ್ಡ್ ಹಾಕಿದ್ರೆ ಸಾಕು, ಎರಡು ಹೊಸ ಪೋರ್ಟ್ ಬರ್ತವೆ. ನಾನೇ ಬರ್ತೀನಿ" ಎಂದ. ಅವನು 'ಬರ್ತೀನಿ' ಎಂದರೆ ಅದು ಬರುವುದಕ್ಕೆ ಹೇಳುವ ಮಾತಲ್ಲ, ಫೋನು ಇಡುವುದಕ್ಕೆ ಹೇಳುವ ಮಾತು. ಡೈರಿಯ ಅಧ್ಯಕ್ಷೆ ಪಾರ್ವತಮ್ಮ, ಊರಿಗೇ ಹೆಚ್ಚು ಹಾಲು ಹಾಕುವವರು, ನನ್ನ ಮುಖ ನೋಡಿ, "ನೀನೇ ಕಲ್ತಿದ್ದೀಯಲ್ಲಮ್ಮ, ಗಾಜು ಹಾಕ್ಸಿ ನೇತಾಕಿದ್ದೀಯ" ಎಂದರು. ಇಲ್ಲ ಎಂದರೆ ಸರ್ಟಿಫಿಕೇಟು ಇಳಿಸಬೇಕಾಗುತ್ತಿತ್ತು. ನಾನು ಕೋಲಾರದ ಬಸ್ಸು ಹತ್ತಿದೆ.

ಕೋಲಾರದ ಅಂಗಡಿಯ ಭಾಯ್ ನನ್ನ ಕಥೆ ಕೇಳಿ ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಡಬ್ಬ ತೆಗೆದರು. ಒಳಗೆ ಅಂಗೈ ಅಗಲದ ಹಸಿರು ಹಲಗೆ. ಅದರ ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ಇನ್ನೊಂದು ಅಂಚಿನಲ್ಲಿ ಒಂದು ತಗಡಿನ ಪಟ್ಟಿ, ಆ ಪಟ್ಟಿಯಲ್ಲಿ ಮೇಲೊಂದು ಕೆಳಗೊಂದು ಪೋರ್ಟು. "ಇದೇ ಕೊನೇ ಪೀಸು. ಈಗಿನ ಕಂಪ್ಯೂಟರಲ್ಲಿ ಇದಕ್ಕೆ ಜಾಗಾನೇ ಇಲ್ಲ" ಎಂದರು ಭಾಯ್. ಹಾಕುವುದು ಹೇಗೆ ಎಂದು ಕೇಳಿದೆ. "ಸ್ಲಾಟಲ್ಲಿ ಇಟ್ಟು ಆರಾಮಾಗಿ ಒತ್ತಿ ಮೇಡಂ. ಜೋರು ನಕ್ಕೋ, ಜೋರು ಬೇಡ. ಕೂತ್ರೆ ಅದೇ ಹೇಳ್ತದೆ." ಕೂರದಿದ್ದರೆ ಎಂದೆ. "ಅದೂ ಅದೇ ಹೇಳ್ತದೆ" ಎಂದು ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದಲ್ಲಿದ್ದ ಅಜ್ಜಿ ಒಡವೆ ಏನಾದರೂ ಮಾಡಿಸಿದಿರಾ ಎಂದು ಕೇಳಿದರು.

ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಬಿಚ್ಚುವ ಮುಂಚೆ ನಮ್ಮನೆಯವರಿಗೆ ಫೋನು ಮಾಡಿದ್ದೆ. ಅವರು ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸದಲ್ಲಿದ್ದಾರೆ, ದಿನವೂ ಮಿಷನ್ನುಗಳ ನಡುವೆ ಇರುವವರು. ಅವರು ಬಹಳ ಯೋಚನೆ ಮಾಡಿ, "ಚಪ್ಪಲಿ ಹಾಕ್ಕೊಂಡು ಮುಟ್ಟು" ಎಂದು ಹೇಳಿದರು. ಚಪ್ಪಲಿ ಹಾಕಿಕೊಂಡೇ ಬಿಚ್ಚಿದೆ. ಒಳಗೆ ನೋಡಿ ಎದೆ ಧಸಕ್ಕೆಂದಿತು. ಡೈರಿಯ ಅದೇ ಕೋಣೆಯಲ್ಲಿ ನಾವು ಪಶುಆಹಾರದ ಮೂಟೆ ಇಡುತ್ತೇವೆ. ಅಷ್ಟೂ ವರ್ಷದ ಹಿಂಡಿಬೂಸದ ಧೂಳನ್ನು ಫ್ಯಾನು ಒಳಗೆ ಎಳೆದುಕೊಂಡು ಮೂಲೆಮೂಲೆಗೂ ಮೆತ್ತಿತ್ತು. ಒಂದು ಹಸುವನ್ನು ಒಂದು ಹೊತ್ತು ಮೇಯಿಸಬಹುದಿತ್ತು. ಅದರ ನಡುವೆ ಒಂದು ಒಣಗಿದ ಹಲ್ಲಿ, ನನ್ನನ್ನೇ ಕಾಯುತ್ತಿದ್ದಂತೆ ತಲೆ ಎತ್ತಿಕೊಂಡು ಕೂತಿತ್ತು. ನಾನು ಕಿರುಚಿದ್ದಕ್ಕೆ ಆಚೆ ಕ್ಯಾನು ತೊಳೆಯುತ್ತಿದ್ದ ಶಾಂತ ಓಡಿಬಂದು, "ಕರೆಂಟ್ ಹೊಡೀತಾ ಅಕ್ಕ" ಎಂದಳು. ಇಲ್ಲ ಕಣೇ, ಹಲ್ಲಿ ಎಂದೆ. ಅವಳು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಆಚೆ ಎಸೆದು, ಮತ್ತೆ ಕ್ಯಾನು ತೊಳೆಯಲು ಹೋದಳು.

ಸ್ಲಾಟಿನ ನೇರಕ್ಕೆ ಹಿಂಬದಿಯ ತಗಡು ಕಿತ್ತೆ. ಅದು ಬರುವಾಗ ನನ್ನ ಹೆಬ್ಬೆರಳನ್ನೂ ಸ್ವಲ್ಪ ತೆಗೆದುಕೊಂಡು ಬಂತು. ಕಾರ್ಡನ್ನು ಇಟ್ಟು ಆರಾಮಾಗಿ ಒತ್ತಿದೆ, ಕೂರಲಿಲ್ಲ. ಭಾಯ್ ಹೇಳಿದ 'ನಕ್ಕೋ'ವನ್ನು ಮರೆತು ಮೈಭಾರವೆಲ್ಲ ಹಾಕಿ ಒತ್ತಿದೆ. ಕಟಕ್ ಎಂದಿತು. ಮುರಿದದ್ದೋ ಕೂತದ್ದೋ ತಿಳಿಯದೆ ನಾನು ಉಸಿರು ಹಿಡಿದು ನಿಂತೆ. ಕೂತಿತ್ತು. ಅದಕ್ಕೆ ಸ್ಕ್ರೂ ಹಾಕಲು ಹೋದರೆ ಸ್ಕ್ರೂ ಕೈಜಾರಿ ಒಳಗೆ ಬಿತ್ತು. ಡಬ್ಬವನ್ನು ಎತ್ತಿ, ಮೊರದಲ್ಲಿ ರಾಗಿ ಕೇರುವ ಹಾಗೆ ಕೇರಿದೆ. ಬಿದ್ದದ್ದು ಒಂದು ಸ್ಕ್ರೂ, ಹೊರಗೆ ಬಂದದ್ದು ಮೂರು. ಉಳಿದ ಎರಡು ಎಲ್ಲಿಯವು ಎಂದು ಈವತ್ತಿಗೂ ನನಗೆ ಗೊತ್ತಿಲ್ಲ; ಡೈರಿಯ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣದಲ್ಲಿ ಕಟ್ಟಿಟ್ಟಿದ್ದೇನೆ. ಸ್ವಿಚ್ಚು ಹಾಕಿದರೆ ಕಂಪ್ಯೂಟರು ಪರದೆ ತೋರಿಸದೆ ಕೀಂ, ಕೀಂ ಎಂದು ಅರಚತೊಡಗಿತು. ಕೇರಿದ ರಭಸಕ್ಕೆ ಒಳಗೆ ಇನ್ನೇನೋ ಸಡಿಲವಾಗಿರಬೇಕು ಎಂದು, ಒಳಗೆ ಒತ್ತಬಹುದಾದದ್ದನ್ನೆಲ್ಲ ಒಂದೊಂದಾಗಿ ಒತ್ತಿದೆ. ಯಾವುದೋ ಒಂದಕ್ಕೆ ಸುಮ್ಮನಾಯಿತು. ಯಾವುದಕ್ಕೆ ಎಂದು ಮಾತ್ರ ಕೇಳಬೇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಕಾರ್ಡಿನ ಜೊತೆ ಬಂದ ಸೀಡಿ ಹಾಕಿ, ಕಂಪ್ಯೂಟರಿಗೆ ಅದರ ಪರಿಚಯ ಮಾಡಿಸಬೇಕು. ಪರಿಚಯವಾಯಿತು, ಆದರೆ ಹೊಸ ಪೋರ್ಟುಗಳಿಗೆ ಅದು ಮೂರು, ನಾಲ್ಕು ಎಂದು ನಂಬರು ಕೊಟ್ಟಿತು. ನಮ್ಮ ಹಾಲಿನ ಸಾಫ್ಟ್‌ವೇರು ಮಹಾ ಹಳೆಯದು, ಅದಕ್ಕೆ ಒಂದು ಮತ್ತು ಎರಡು ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ಲ. ಒಂದರಲ್ಲಿ ಬಂದದ್ದು ಲೀಟರು, ಎರಡರಲ್ಲಿ ಬಂದದ್ದು ಫ್ಯಾಟು, ಅಷ್ಟೇ ಅದರ ಪ್ರಪಂಚ. ಸತ್ತ ಪೋರ್ಟುಗಳು ಸತ್ತ ಮೇಲೂ ಆ ನಂಬರುಗಳನ್ನು ಬಿಟ್ಟುಕೊಟ್ಟಿರಲಿಲ್ಲ. ನೀಲಿ ಪರದೆಯೊಂದನ್ನು ಹೇಗೋ ತೆರೆದು ಅವನ್ನು ಆಫ್ ಮಾಡಿದೆ. ಹೊಸ ಪೋರ್ಟುಗಳಿಗೆ ಒಂದು, ಎರಡು ಎಂದು ಹೆಸರಿಟ್ಟೆ. ಇನ್ನು ವೈರು ಸಿಕ್ಕಿಸುವುದು. ಎರಡೂ ವೈರು ಒಂದೇ ತರಹ. ತಕ್ಕಡಿಯ ವೈರು ಒಂದನೇ ಪೋರ್ಟಿಗೆ ಹೋಗಬೇಕು, ಸರಿ, ಆದರೆ ಮೇಲಿನದು ಒಂದನೆಯದೋ ಕೆಳಗಿನದೋ? ಡಬ್ಬದಲ್ಲಿದ್ದ ಚೀಟಿ ಚೀನೀ ಭಾಷೆಯಲ್ಲಿತ್ತು. ನಾನು ನಮ್ಮ ಪದ್ಧತಿಯಂತೆ ಯೋಚಿಸಿದೆ. ಊಟದ ಪಂಕ್ತಿಯಲ್ಲಾಗಲಿ, ಗ್ರೂಪ್ ಫೋಟೋದಲ್ಲಾಗಲಿ, ಹಿರಿಯರು ಮೇಲೆ ಇರುತ್ತಾರೆ. ಮೇಲಿನದೇ ಒಂದು ಎಂದು ತೀರ್ಮಾನಿಸಿ ತಕ್ಕಡಿಯ ವೈರನ್ನು ಮೇಲಕ್ಕೆ, ಮಿಷನ್ನಿನ ವೈರನ್ನು ಕೆಳಕ್ಕೆ ಸಿಕ್ಕಿಸಿದೆ.

ಅಷ್ಟರಲ್ಲಿ ಸಂಜೆಯ ಹಾಲು ಕಡ್ಡಿಯ ಲೆಕ್ಕದಲ್ಲೇ ಮುಗಿದು ಎಲ್ಲರೂ ಮನೆಗೆ ಹೋಗಿದ್ದರು. ಶಾಂತ ಯಾವಾಗಲೂ ತನ್ನ ಹಾಲನ್ನು ಕೊನೆಗೆ ಹಾಕುತ್ತಾಳೆ. ಅವಳ ಹಾಲಿನಲ್ಲೇ ಪರೀಕ್ಷೆ ಮಾಡಿದೆವು. ಅವಳು ತಂದದ್ದು ನಾಲ್ಕು ಲೀಟರು. ಅವಳ ಹಸುವಿನ ಫ್ಯಾಟು ಯಾವಾಗಲೂ ನಾಲ್ಕರ ಆಸುಪಾಸು. ಪರದೆಯ ಮೇಲೆ ಲೀಟರು ನಾಲ್ಕು, ಫ್ಯಾಟು ನಾಲ್ಕು ಎಂದು ಬಂತು. ಶಾಂತ ಕೈ ಮುಗಿದಳು. ನಾನು ಮನೆಗೆ ಹೋಗಿ ಸರ್ಟಿಫಿಕೇಟಿನ ಗಾಜು ಒರೆಸಿದೆ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಅವರು ಮುಳಬಾಗಿಲು ಕಡೆಯವರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಸಿಟ್ಟು ಬಂದರೆ ಬೀದಿಯಲ್ಲೂ ತೆಲುಗು. ಊರೆಲ್ಲ ಸೀಮೆಹಸು ಕಟ್ಟಿದರೂ ಅವರು ಮಾತ್ರ ಗೌರಿ ಎಂಬ ಒಂದು ನಾಟಿ ಹಸುವನ್ನು ಬಿಟ್ಟಿಲ್ಲ. ಅದು ಒಂದು ಹೊತ್ತಿಗೆ ಎರಡು ಲೀಟರು ಕೊಟ್ಟರೆ ಹೆಚ್ಚು. ಆದರೆ ಆ ಹಾಲಿನ ಹೆಸರೇ ಹೆಸರು. ಊರಿನಲ್ಲಿ ಯಾವ ಮಗುವಿಗೆ ಮೊದಲ ಸಲ ಹಸುವಿನ ಹಾಲು ಕುಡಿಸಬೇಕಾದರೂ ಚೊಂಬು ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ. ಪಕ್ಕದ ಮನೆಯ ರತ್ನಮ್ಮನ ಮೊಮ್ಮಗನಿಗೆ ಈಗಲೂ ದಿನವೂ ಮಧ್ಯಾಹ್ನ ಒಂದು ಚೊಂಬು ಹೋಗುತ್ತದೆ. ಅತ್ತೆಗೆ ಮನೆಯಿದೆ, ಹೊಲವಿದೆ, ಮಗನಿದ್ದಾನೆ, ನಾನಿದ್ದೇನೆ. ಆದರೆ ಅವರು ತಲೆ ಎತ್ತಿ ನಡೆಯುವುದು ಆ ಹಾಲಿನ ಮೇಲೆ.

ಬೆಳಿಗ್ಗೆ ಡೈರಿ ತೆರೆದಾಗ ನಾನು ಹೊಸ ಸೀರೆ ಉಟ್ಟಿದ್ದೆ. ಚೀಟಿ ಬರುವ ಪ್ರಿಂಟರನ್ನು ಇನ್ನೂ ಜೋಡಿಸಿರಲಿಲ್ಲ, ಹಾಗಾಗಿ ಒಬ್ಬೊಬ್ಬರ ಫ್ಯಾಟನ್ನು ನಾನೇ ಗಟ್ಟಿಯಾಗಿ ಕೂಗುತ್ತಿದ್ದೆ. ಲೀಟರು ಹೇಗೂ ತಕ್ಕಡಿಯ ಮೇಲೆ ಎಲ್ಲರಿಗೂ ಕಾಣುತ್ತದೆ. ಮೊದಲು ಬಂದವರು ಅಧ್ಯಕ್ಷೆ ಪಾರ್ವತಮ್ಮ. ಅವರ ಫ್ಯಾಟು ಎಂದೂ ಮೂರೂವರೆಯನ್ನು ತುಸು ದಾಟಿದರೆ ಹೆಚ್ಚು. ಪರದೆ ನೋಡಿ ನನ್ನ ಬಾಯಿ ಒಣಗಿತು. ಎಂಟು. ಎಮ್ಮೆಗೂ ಬರುವುದು ಕಷ್ಟ. "ಎಂಟು" ಎಂದು ಕೂಗಿದೆ. ಪಾರ್ವತಮ್ಮ ಸೆರಗು ಸರಿಮಾಡಿಕೊಂಡು, "ನಾನು ಮೊದ್ಲಿಂದ ಹೇಳ್ತಿದ್ದೆ, ಆ ಹಳೇ ಮಿಷನ್ನು ನಂಗೆ ಮೋಸ ಮಾಡ್ತೈತೆ ಅಂತ" ಎಂದರು. ಆರು ಲೀಟರು ತಂದವಳಿಗೆ ಆರು ಬಂತು. ಏಳು ತಂದವಳಿಗೆ ಏಳು. ನನಗೆ ಆಶ್ಚರ್ಯವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆದರೆ ಅದು ನನ್ನ ಕಾರ್ಡಿನ ಮೇಲಿನ ಹೆಮ್ಮೆಯಾಗಿ ಆಯಿತು. ಇಷ್ಟು ದಿನ ಸರಿಯಾಗಿ ಕಾಣದ ಸತ್ಯ ಈಗ ಕಾಣುತ್ತಿದೆ ಎಂದುಕೊಂಡೆ. ಮಸಿ ಹಿಡಿದ ಲಾಟೀನಿನ ಬುರುಡೆ ಒರೆಸಿದವಳಂತೆ ಕೂತಿದ್ದೆ.

ಆಮೇಲೆ ಅತ್ತೆ ಬಂದು ತಮ್ಮ ಪುಟ್ಟ ಕ್ಯಾನು ಸುರಿದರು. ಎರಡು ಲೀಟರು. ಶಾಂತ ಮಿಷನ್ನಿಗೆ ಹಾಲು ಕುಡಿಸಿದಳು. ಪರದೆಯ ಮೇಲೆ ಫ್ಯಾಟು ಎರಡು ಎಂದು ಬಂತು, ಪಕ್ಕದಲ್ಲಿ ಕೆಂಪು ಗೆರೆ. ಕೂಗಲು ಬಾಯಿ ಬರಲಿಲ್ಲ. ಸಾಲಿನಲ್ಲಿದ್ದ ಯಾರೋ "ಎಷ್ಟು ಬಂತಮ್ಮ, ಹೇಳು" ಎಂದರು. ಎರಡು ಎಂದೆ. ಶಾಂತ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕ, ಹಳೇ ಕಡ್ಡಿ ಬಿಟ್ಟು ನೋಡಣ" ಎಂದಳು. ಅಲ್ಲಿಗೆ ನಾನು ಒಪ್ಪಬೇಕಿತ್ತು. ಆದರೆ ಕಡ್ಡಿ ಬಿಟ್ಟರೆ ನನ್ನ ಕಾರ್ಡಿಗೆ ಅವಮಾನ. ಅದೂ ಅಲ್ಲದೆ ಅತ್ತೆಗೊಂದು ನ್ಯಾಯ, ಊರಿಗೊಂದು ನ್ಯಾಯ ಎಂದು ಜನ ಆಡಿಕೊಳ್ಳುತ್ತಾರೆ. "ರೂಲ್ಸ್ ಅಂದ್ರೆ ರೂಲ್ಸು ಶಾಂತ" ಎಂದು ನಾನೇ ಎದ್ದು ಹಾಲನ್ನು ಅತ್ತೆಯ ಕ್ಯಾನಿಗೆ ವಾಪಸ್ಸು ಸುರಿದೆ. ಹೊಸ ಸೀರೆ ಉಟ್ಟುಕೊಂಡು, ಊರಿನವರ ಮುಂದೆ, ನನ್ನ ಕೈಯಾರೆ.

ಅತ್ತೆ ನನ್ನನ್ನು ನೋಡಿದರು. "ನೀಳ್ಳಾ?" ಎಂದರು ತೆಲುಗಿನಲ್ಲಿ, ತಗ್ಗಿದ ದನಿಯಲ್ಲಿ. "ನಾ ಪಾಲಲ್ಲೊ ನೀಳ್ಳಾ?" ನನ್ನ ಹಾಲಿನಲ್ಲಿ ನೀರಾ ಎಂದು. ನಾನು ನೀರು ಅಂತ ಹೇಳಲಿಲ್ಲ ಅತ್ತೆ, ಫ್ಯಾಟು ಕಡಿಮೆ ಅಂತ ಹೇಳಿದೆ ಎಂದೆ. ಅವರು ಕ್ಯಾನಿನ ಮುಚ್ಚಳ ಹಾಕಿ, ಬಂದ ದಾರಿಯಲ್ಲೇ ಹೋದರು. ಅವರ ಹಿಂದೆ ಇನ್ನೂ ಕೆಲವರದು ವಾಪಸ್ಸಾಯಿತು. ಎಲ್ಲರೂ ಎರಡೋ ಮೂರೋ ಲೀಟರಿನವರೇ. ಅದೂ ನನ್ನ ತಲೆಗೆ ಹೊಳೆಯಲಿಲ್ಲ.

ಮನೆಗೆ ಬಂದಾಗ ಅತ್ತೆ ಆ ಹಾಲನ್ನು ಕಾಯಿಸಿ ಆರಿಸಿಟ್ಟಿದ್ದರು. ನನ್ನನ್ನು ಕರೆದು ಪಾತ್ರೆ ತೋರಿಸಿದರು. ಮೇಲೆ ಹಳದಿ ಕೆನೆ, ರೊಟ್ಟಿಯಷ್ಟು ದಪ್ಪ. "ಇದೇನು, ನೀರಿನ ಮೇಲೆ ಬಂದಿರೋ ಕೆನೆನಾ?" ಎಂದರು. ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ಮೈ ಬೆವರುತ್ತದೆ. "ಕೆನೆ ಬೇರೆ ಅತ್ತೆ, ಫ್ಯಾಟು ಬೇರೆ" ಎಂದೆ. ಅವರು ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಹಿತ್ತಲಿಗೆ ಹೋದರು. ಫೋನಿನಲ್ಲಿ ನಮ್ಮನೆಯವರಿಗೆ ವಿಷಯ ಹೇಳಿದರೆ, ಈ ವಾರ ಓವರ್‌ಟೈಮು ಹೆಚ್ಚಿದೆ, ಮನೆಗೆ ಬರುವುದು ತಡವಾಗುತ್ತದೆ ಎಂದರು. ಮಧ್ಯಾಹ್ನ ರತ್ನಮ್ಮನ ಚೊಂಬು ಬರಲಿಲ್ಲ. ಅತ್ತೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಲಿದು ಮುಗಿದ ಮೇಲೂ ಅಲ್ಲೇ ಕೂತಿದ್ದರು. ರತ್ನಮ್ಮ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಾರ್ವತಮ್ಮನ ಮನೆಯ ಕಡೆ ಹೋದದ್ದನ್ನು ನಾನೂ ನೋಡಿದೆ, ಅತ್ತೆಯೂ ನೋಡಿದರು.

ಅಲ್ಲಿ ಪಾರ್ವತಮ್ಮನ ಮನೆಯಲ್ಲಿ ಜಾತ್ರೆ. ಅವರ ಹಸುಗಳಿಗೆ ಏನು ಹಾಕುತ್ತಾರೆ ಎಂದು ತಿಳಿಯಲು ಹೆಂಗಸರು ತುಂಬಿದ್ದರು. ಪಾರ್ವತಮ್ಮನಿಗೂ ಗೊತ್ತಿರಲಿಲ್ಲ, ಆದರೆ ಅಧ್ಯಕ್ಷೆಯಾಗಿ ಗೊತ್ತಿಲ್ಲ ಎಂದು ಹೇಳುವುದು ಹೇಗೆ? ಶ್ರೀನಿವಾಸಪುರದಿಂದ ಅಳಿಯ ಮಾವಿನಹಣ್ಣು ತಂದಿದ್ದ, ಅದರ ಸಿಪ್ಪೆಯನ್ನು ಹಸುಗಳಿಗೆ ಹಾಕಿದ್ದೆ, ಅದೇ ಇರಬೇಕು ಎಂದುಬಿಟ್ಟರು. ಸಂಜೆಯೊಳಗೆ ಊರಿನಲ್ಲಿ ಒಂದೇ ಒಂದು ಮಾವಿನ ಸಿಪ್ಪೆ ತಿಪ್ಪೆಯ ಮೇಲೆ ಉಳಿಯಲಿಲ್ಲ. ಮಕ್ಕಳು ತಿನ್ನುತ್ತಿದ್ದ ಹಣ್ಣನ್ನು ಅರ್ಧಕ್ಕೇ ಕಸಿದು ಹಸುವಿಗೆ ಹಾಕಿದವರೂ ಇದ್ದರಂತೆ.

ಸಂಜೆ ಅತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಕೈಯಲ್ಲಿ ಪುಟ್ಟ ಕ್ಯಾನಿನ ಬದಲು ದೊಡ್ಡದು. ಸಾಲಿನಲ್ಲಿ ನಿಲ್ಲದೆ ನೇರ ತಕ್ಕಡಿಯ ಹತ್ತಿರ ಬಂದು ಮುಚ್ಚಳ ತೆಗೆದರು. ಒಳಗೆ ಗೌರಿಯ ಎರಡು ಲೀಟರು ತಳದಲ್ಲಿತ್ತು. "ನೋಡ್ಕೊಳ್ಳಿ ಎಲ್ಲಾರೂ" ಎಂದರು. "ನನ್ನ ಹಾಲು ನೀರು ಅಂತ ಹೇಳವ್ರೆ. ಇವತ್ತು ನಿಜವಾಗ್ಲೂ ಹಾಕ್ತೀನಿ. ಹಾಕಿದ್ರೆ ಎಷ್ಟು ಬರ್ತೈತೆ ನೋಡಣ. ಒಂದಾದ್ರೂ ಬರ್ತೈತೋ, ಅದೂ ಇಲ್ವೋ." ಹೀಗೆ ಹೇಳಿ, ಕ್ಯಾನು ತೊಳೆಯಲು ಇಟ್ಟಿದ್ದ ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ಮೊಗೆದು ತಮ್ಮ ಹಾಲಿಗೆ ಸುರಿದರು. ಮತ್ತೊಂದು ಚೊಂಬು. ಮತ್ತೊಂದು. ಬಿಳಿ ಹಾಲು ನಮ್ಮ ಕಣ್ಣೆದುರೇ ನೀಲಿಗಟ್ಟಿತು. ಪಾರ್ವತಮ್ಮ "ಬ್ಯಾಡ ಕಣಕ್ಕ, ಬಿಡು" ಎಂದು ಕೈ ಹಿಡಿಯಲು ಹೋದರು. ಅತ್ತೆ ಕೈ ಬಿಡಿಸಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮದುವೆಯಾಗಿ ಈ ಊರಿಗೆ ಕಾಲಿಟ್ಟಾಗಿನಿಂದ ಹಾಲಿನ ಪಾತ್ರೆಯನ್ನು ಒದ್ದೆ ಕೈಯಲ್ಲೂ ಮುಟ್ಟದ ಹೆಂಗಸು, ಸೊಸೆಯ ಒಂದು ಮಾತಿಗೆ, ಊರೆದುರಿಗೆ ತಮ್ಮ ಹಾಲನ್ನು ತಾವೇ ಕೆಡಿಸುತ್ತಿದ್ದರು.

ಸುರಿದು ಮುಗಿಸಿ ಕ್ಯಾನನ್ನು ತಕ್ಕಡಿಯ ಪಾತ್ರೆಗೆ ಬಗ್ಗಿಸಿದರು. ಶಾಂತ ಅಳುಮುಖ ಮಾಡಿಕೊಂಡು ಮಿಷನ್ನಿಗೆ ಹಾಲು ಕುಡಿಸಿದಳು. ಗೊರಗೊರ ಎಂದಿತು. ನಾನು ಪರದೆ ನೋಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಫ್ಯಾಟು ನಾಲ್ಕು. ಕೆಂಪು ಗೆರೆ ಇಲ್ಲ. ಹಾಲು ಪಾಸು.

"ಎಷ್ಟು?" ಎಂದರು ಅತ್ತೆ. ನಾಲ್ಕು ಎಂದೆ. ಅತ್ತೆಯ ಕೈಯಿಂದ ಚೊಂಬು ಜಾರಿ ಬಿತ್ತು. ಅವರು ಬಂದದ್ದು ಸೋಲಲು. ತಮ್ಮ ಸೋಲನ್ನು ಎಲ್ಲರಿಗೂ ತೋರಿಸಿ ನನ್ನ ಮುಖಕ್ಕೆ ಎಸೆದು ಹೋಗಲು. ಗೆದ್ದರೆ ಏನು ಮಾಡಬೇಕೆಂದು ಅವರು ಯೋಚಿಸಿಯೇ ಇರಲಿಲ್ಲ. ಡ್ರಮ್ಮಿನ ನೀರಿಗೆ ಫ್ಯಾಟು ಬಂದಿತ್ತು. ಸಾಲಿನ ಕೊನೆಯಲ್ಲಿದ್ದ ಒಬ್ಬಾಕೆ ಮೆಲ್ಲಗೆ ತನ್ನ ಕ್ಯಾನಿನ ಮುಚ್ಚಳ ತೆಗೆದು ಡ್ರಮ್ಮಿನ ಕಡೆ ಒಂದು ಹೆಜ್ಜೆ ಇಟ್ಟದ್ದನ್ನು ನಾನು ನೋಡಿದೆ. ಆಗ ಶಾಂತ, "ಅಕ್ಕ, ತಕ್ಕಡೀಲೂ ನಾಲ್ಕೇ ಐತಲ್ಲ" ಎಂದಳು. ತಕ್ಕಡಿಯ ಕೆಂಪು ಅಂಕಿ ನೋಡಿದೆ. ನಾಲ್ಕು. ಪರದೆಯ ಮೇಲೆ ಇಡೀ ದಿನ ನಾನು ಕಣ್ಣು ಹಾಯಿಸದ ಲೀಟರಿನ ಕಾಲಮ್ಮು ನೋಡಿದೆ. ಅಲ್ಲಿ ಎರಡು ಚಿಲ್ಲರೆ ಎಂದಿತ್ತು. ಕಣ್ಣೆದುರಿಗೆ ನಾಲ್ಕು ಲೀಟರು ತುಂಬಿದ ಪಾತ್ರೆ. ಬೆಳಗಿನ ಸಾಲಿನಲ್ಲಿ ಅತ್ತೆಯ ಹೆಸರಿನ ಮುಂದೆ, ಅವರು ತಂದ ಎರಡು ಲೀಟರಿನ ಜಾಗದಲ್ಲಿ, ನಾಲ್ಕೂಮುಕ್ಕಾಲು ಎಂದು ಬರೆದಿತ್ತು. ಪಾರ್ವತಮ್ಮನ ಎಂಟು ಲೀಟರಿನ ಜಾಗದಲ್ಲಿ ಮೂರೂವರೆ ಚಿಲ್ಲರೆ. ಇಡೀ ದಿನ ನಾನು ಊರಿನವರಿಗೆ ಅವರವರ ಲೀಟರನ್ನೇ ಫ್ಯಾಟು ಎಂದು ಕೂಗಿ ಹೇಳುತ್ತಿದ್ದೆ. ಚೀನಾದವರ ಪಂಕ್ತಿಯಲ್ಲಿ ಹಿರಿಯರು ಕೆಳಗೆ ಕೂರುತ್ತಾರೋ ಏನೋ, ಆ ಕಾರ್ಡಿನಲ್ಲಿ ಒಂದನೇ ಪೋರ್ಟು ಕೆಳಗಿತ್ತು.

ನಾನು ಮೇಜಿನ ಹಿಂದೆ ಬಗ್ಗಿ ವೈರುಗಳನ್ನು ಅದಲುಬದಲು ಮಾಡಿದೆ. ಬಗ್ಗಿದವಳಿಗೆ ಮೇಲೇಳಲು ಮನಸ್ಸಾಗಲಿಲ್ಲ. ಅಲ್ಲೇ ಹಿಂಡಿಬೂಸದ ಮೂಟೆಗಳ ನಡುವೆ ಇದ್ದುಬಿಡೋಣ ಅನ್ನಿಸಿತು. ಕೊನೆಗೆ ಎದ್ದು, ಎಲ್ಲರೆದುರಿಗೆ ನಡೆದದ್ದನ್ನು ಹೇಳಿದೆ. ಬೆಳಗಿನ ಅಂಕಿಗಳನ್ನೂ ಸರಿಮಾಡಿ ಮತ್ತೆ ಕೂಗಿದೆ. ಅತ್ತೆಯದು ನಾಲ್ಕೂಮುಕ್ಕಾಲು, ಊರಿಗೇ ಹೆಚ್ಚು. ಅದನ್ನು ಎರಡು ಸಲ ಕೂಗಿದೆ. ಅತ್ತೆ ತಮ್ಮ ನೀರು ಹಾಲನ್ನು ಡೈರಿಯ ಹಿಂದಿನ ಚರಂಡಿಗೆ ಸುರಿದು ಕ್ಯಾನು ತೊಳೆದುಕೊಂಡರು. ಪಾರ್ವತಮ್ಮ ಮಾತ್ರ ಎಲ್ಲರೂ ಹೋಗುವವರೆಗೆ ಕಾದು, ನನ್ನನ್ನು ಪಕ್ಕಕ್ಕೆ ಕರೆದು, "ಬೆಳಿಗ್ಗೆ ಇದ್ದಂಗೇ ಸಿಕ್ಸಿದ್ರೆ ಏನಾಗ್ತಿತ್ತಮ್ಮ? ಅಭ್ಯಾಸ ಆಗ್ತಿತ್ತು" ಎಂದರು.

ಮರುದಿನ ಮಧ್ಯಾಹ್ನ ರತ್ನಮ್ಮ ಚೊಂಬು ಹಿಡಿದು ನಮ್ಮ ಬಾಗಿಲಿಗೆ ಬಂದರು, ಸೆರಗು ಮುಚ್ಚದೆ. ಅತ್ತೆ ಅವರನ್ನು ಒಂದಿಷ್ಟು ಹೊತ್ತು ನಿಲ್ಲಿಸಿಕೊಂಡು, ಊರ ಸಮಾಚಾರವನ್ನೆಲ್ಲ ಕೇಳಿ, ಆಮೇಲೆ ಹಾಲು ಕೊಟ್ಟರು. ನನ್ನ ಹತ್ತಿರವೂ ಮಾತು ಬಿಡಲಿಲ್ಲ. ನಾನು ಕ್ಷಮಿಸಿ ಅತ್ತೆ ಎಂದು ಶುರು ಮಾಡಿದರೆ, "ನಿಂದೇನಮ್ಮ ತಪ್ಪು, ಒಳಗಡೆ ಪ್ರಾಬ್ಲಮ್ಮು" ಎಂದರು. ಕ್ಷಮಿಸಿದ್ದಾರೆ ಎಂದೇ ನಾನು ತಿಳಿದೆ. ಸಂಜೆ ಡೈರಿಯಿಂದ ದಣಿದು ಬಂದಾಗ ಲೋಟದ ತುಂಬ ಕಾಫಿ ತಂದು ಕೈಗಿಟ್ಟರು. ಒಂದು ಗುಟುಕು ಕುಡಿದೆ. ಹಾಲಿನ ಸುಳಿವಿಲ್ಲ, ಬೂದು ಬಣ್ಣದ ಬಿಸಿನೀರು. ಗೌರಿಯ ಕೆನೆಹಾಲಿನ ಕಾಫಿಗೆ ಒಗ್ಗಿಹೋದ ನಾಲಿಗೆ ಬೆಚ್ಚಿಬಿದ್ದಿತು. ತಲೆ ಎತ್ತಿ ನೋಡಿದರೆ ಅತ್ತೆ ಬಾಗಿಲಿಗೆ ಒರಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ನಿಂತಿದ್ದರು. "ನಾಲ್ಕು ಚೊಂಬು ನೀರು ಹಾಕಿದೀನಿ" ಎಂದರು. "ಫ್ಯಾಟು ಚೆನ್ನಾಗಿರ್ತೈತೆ. ಕುಡಿ." ಕುಡಿದೆ. ದಿನವೂ ಕುಡಿಯುತ್ತಿದ್ದೇನೆ. ಸರ್ಟಿಫಿಕೇಟು ಇನ್ನೂ ಗೋಡೆಯ ಮೇಲೇ ಇದೆ. ಇಳಿಸಲು ಹೋದರೆ ಅತ್ತೆ ಬಿಡುತ್ತಿಲ್ಲ.